ನಾಡಿಯ ಎಣಿಕೆ: ‘ಸಹಜ’ದ ಪರಿಕಲ್ಪನೆಗೆ ಒಂದು ಚಾರಿತ್ರಿಕ ಪ್ರವೇಶ

ವಿಶ್ರಾಂತ ಸ್ಥಿತಿಯಲ್ಲಿರುವ ಆರೋಗ್ಯವಂತ ವಯಸ್ಕರ ಹೃದಯವು ನಿಮಿಷವೊಂದಕ್ಕೆ 60ರಿಂದ 100 ಬಾರಿ ಮಿಡಿಯುತ್ತದೆ ಎಂಬುದು ಇಂದಿನ ವೈದ್ಯಕೀಯ ಪಠ್ಯಗಳ ಮಾತು. ನಮ್ಮ ಶಾಲಾ ಪಠ್ಯಗಳು ಇದನ್ನು ಮತ್ತಷ್ಟು ಸರಳಗೊಳಿಸಿ 72 ಎಂಬ ಒಂದೇ ಸಂಖ್ಯೆಯನ್ನು ಹಲವು ತಲೆಮಾರುಗಳಿಗೆ ಕಲಿಸಿಕೊಟ್ಟಿವೆ. ಈ ಸಂಖ್ಯೆಗಳು ಪ್ರಕೃತಿದತ್ತವೆಂಬಂತೆ ತೋರಿದರೂ ಅವುಗಳಿಗೂ ಒಂದು ಚರಿತ್ರೆಯಿದೆ. ಮನುಷ್ಯನು ನಾಡಿಯನ್ನು ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಮುಟ್ಟಿ ನೋಡುತ್ತ ಬಂದಿದ್ದಾನೆ. ಆದರೆ ನಿಮಿಷದ ಲೆಕ್ಕದಲ್ಲಿ ಅದನ್ನು ಎಣಿಸುವ ಪದ್ಧತಿಗೆ ಮುನ್ನೂರು ವರ್ಷಗಳಷ್ಟೇ ವಯಸ್ಸು. ಮುಟ್ಟುವುದಕ್ಕೂ ಎಣಿಸುವುದಕ್ಕೂ ನಡುವಣ ಈ ಅಂತರದಲ್ಲಿ ‘ಸಹಜ’ವೆಂದರೇನು ಎಂಬ ಪ್ರಶ್ನೆಗೆ ಬೇರೆ ಬೇರೆ ಸಮಾಜಗಳು ಕಂಡುಕೊಂಡ ಉತ್ತರಗಳನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಜನಪದ ವೈದ್ಯವನ್ನು ಕುರಿತ ನಮ್ಮ ಅಧ್ಯಯನಗಳಲ್ಲಿ ಎರಡು ಧೋರಣೆಗಳು ಪ್ರಬಲವಾಗಿವೆ. ಆಧುನಿಕ ವಿಜ್ಞಾನವು ಹೇಳುವುದೆಲ್ಲವೂ ನಮ್ಮ ಹಿರಿಯರಿಗೆ ಮೊದಲೇ ತಿಳಿದಿತ್ತು ಎಂಬುದು ಒಂದು. ನಾಡಿ ನೋಡುವುದೆಲ್ಲ ಬರಿಯ ನಂಬಿಕೆ ಎಂಬುದು ಇನ್ನೊಂದು. ಇವೆರಡೂ ತೀರ್ಪನ್ನು ಮುಂದಿಟ್ಟು ವಿಚಾರಣೆಯನ್ನು ಹಿಂದಿಡುತ್ತವೆ. ಯಾವ ಕಾಲದಲ್ಲಿ, ಯಾವ ಉಪಕರಣದಿಂದ, ಏನನ್ನು ತಿಳಿಯಲೆಂದು ನಾಡಿಯನ್ನು ನೋಡಲಾಯಿತು ಎಂಬ ಪ್ರಶ್ನೆ ಎರಡರಲ್ಲಿಯೂ ಏಳುವುದಿಲ್ಲ.

1. ಪದ ಮತ್ತು ಕಾಲಮಾನ

‘ನಾಡಿ’ ಎಂಬ ಪದದ ಅರ್ಥವ್ಯಾಪ್ತಿಯೇ ಇಲ್ಲಿ ಮೊದಲ ಆಕರ. ಟೊಳ್ಳಾದ ದಂಟು, ಕೊಳವೆ, ರಕ್ತನಾಳ, ಮಣಿಕಟ್ಟಿನ ಮಿಡಿತ ಇವಿಷ್ಟೂ ಅರ್ಥಗಳ ಜೊತೆಗೆ, 24 ನಿಮಿಷಗಳ ಒಂದು ಕಾಲಮಾನಕ್ಕೂ ನಾಡಿ ಅಥವಾ ನಾಡಿಕಾ ಎಂದೇ ಹೆಸರು. ಇದೇ ನಮ್ಮ ‘ಗಳಿಗೆ’. ತಳದಲ್ಲಿ ಸಣ್ಣ ರಂಧ್ರವಿರುವ ಗಳಿಗೆ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ತುಂಬಿ ಮುಳುಗುವ ಅವಧಿಯಿಂದ ಕಾಲವನ್ನು ಅಳೆಯುವ ಪದ್ಧತಿ ನಮ್ಮಲ್ಲಿ ಬಹುಕಾಲ ಬಳಕೆಯಲ್ಲಿತ್ತು.

‘ಸೂರ್ಯಸಿದ್ಧಾಂತ’ವು ಕಾಲಮಾನವನ್ನು ವಿವರಿಸುವಾಗ ಉಸಿರನ್ನೇ ಮೂಲಘಟಕವಾಗಿ ಇಟ್ಟುಕೊಳ್ಳುತ್ತದೆ. ಆರು ‘ಪ್ರಾಣ’ಗಳಿಗೆ ಒಂದು ವಿನಾಡಿ, 60 ವಿನಾಡಿಗಳಿಗೆ ಒಂದು ನಾಡಿ, 60 ನಾಡಿಗಳಿಗೆ ಒಂದು ಅಹೋರಾತ್ರಿ. ಈ ಲೆಕ್ಕದಲ್ಲಿ ಒಂದು ಪ್ರಾಣವೆಂದರೆ ನಾಲ್ಕು ಸೆಕೆಂಡು, ದಿನವೊಂದಕ್ಕೆ 21,600 ಉಸಿರು, ನಿಮಿಷಕ್ಕೆ 15. ಹತ್ತು ಗುರ್ವಕ್ಷರಗಳನ್ನು ಉಚ್ಚರಿಸುವ ಕಾಲವೇ ಒಂದು ಪ್ರಾಣ ಎಂಬ ವ್ಯಾಖ್ಯೆಯೂ ಉಂಟು. ಹಠಯೋಗದ ಪರಂಪರೆಯು ಇದೇ 21,600ನ್ನು ಅಜಪಾಜಪದ ಸಂಖ್ಯೆಯಾಗಿ ಸ್ವೀಕರಿಸಿತು. ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆಂಬ ಇಂದಿನ ಅಳತೆಯ ಒಳಗೇ 15 ಇದೆ ಎಂಬುದು ಗಮನಾರ್ಹ. ಆದರೆ ಇದು ರೋಗಿಗಳನ್ನು ಎಣಿಸಿ ಪಡೆದ ಸರಾಸರಿಯಲ್ಲ. ವೃತ್ತವೊಂದನ್ನು 21,600 ಕಲೆಗಳಾಗಿ ವಿಭಜಿಸುವ ಖಗೋಳಗಣಿತದೊಂದಿಗೆ ದೇಹವನ್ನು ಹೊಂದಿಸಿದ ಸಂಖ್ಯೆ ಇದು. ಇಲ್ಲಿ ಸಹಜವೆಂದರೆ ಲೋಕದ ಲಯಕ್ಕೆ ಸರಿಹೊಂದಿದ್ದು.

ಇಂತಹ ಸಂಖ್ಯಾಸಾಮ್ಯಗಳಲ್ಲಿ ಎಚ್ಚರವೂ ಅಗತ್ಯ. ದೇಹದಲ್ಲಿ 72,000 ನಾಡಿಗಳಿವೆ ಎಂಬ ಮಾತು ಬೃಹದಾರಣ್ಯಕ ಉಪನಿಷತ್ತಿನಷ್ಟು ಹಳೆಯದು. ಅದಕ್ಕೂ ಶಾಲಾ ಪಠ್ಯದ 72 ಮಿಡಿತಗಳಿಗೂ ಯಾವ ಸಂಬಂಧವೂ ಇಲ್ಲ. ಮೊದಲನೆಯದು ಮಾರ್ಗಗಳ ಕಲ್ಪನೆ, ಎರಡನೆಯದು ಕಾಲದ ಎಣಿಕೆ.

2. ಗತಿಯಾಗಿ ನಾಡಿ

ನಾಡೀಪರೀಕ್ಷೆಯು ಆಯುರ್ವೇದದಷ್ಟೇ ಪ್ರಾಚೀನವೆಂಬ ನಂಬಿಕೆ ವ್ಯಾಪಕವಾಗಿದೆ. ಚರಕ ಮತ್ತು ಸುಶ್ರುತ ಸಂಹಿತೆಗಳಲ್ಲಿ ಅದರ ವ್ಯವಸ್ಥಿತ ನಿರೂಪಣೆ ದೊರೆಯುವುದಿಲ್ಲ. 13-14ನೆಯ ಶತಮಾನಗಳ ಅವಧಿಗೆ ಸೇರಿದ ‘ಶಾರ್ಙ್ಗಧರ ಸಂಹಿತೆ’ಯಲ್ಲಿ ಅದು ಸ್ಪಷ್ಟರೂಪ ತಾಳುತ್ತದೆ. ವಾತ ಕೆರಳಿದಾಗ ನಾಡಿಯು ಜಿಗಣೆ ಮತ್ತು ಹಾವಿನಂತೆಯೂ, ಪಿತ್ತ ಕೆರಳಿದಾಗ ಕಾಗೆ, ಕಪ್ಪೆಗಳಂತೆಯೂ, ಕಫ ಕೆರಳಿದಾಗ ಹಂಸ, ಪಾರಿವಾಳಗಳಂತೆಯೂ ನಡೆಯುತ್ತದೆ ಎಂಬ ವರ್ಗೀಕರಣ ಅಲ್ಲಿಯದು. ಹರಿದಾಟ, ನೆಗೆತ, ಮಂದಗಮನ ಎಂಬ ಮೂರು ಚಲನೆಗಳನ್ನು ಕೆರೆದಂಡೆಯ ಮತ್ತು ಮನೆಯಂಗಳದ ಜೀವಿಗಳ ಮೂಲಕ ನೆನಪಿನಲ್ಲಿಡುವ ಈ ಕ್ರಮವು ಮೌಖಿಕ ಪರಂಪರೆಯ ಬೋಧನಾ ವಿಧಾನಕ್ಕೆ ತೀರ ಹತ್ತಿರವಾದುದು. ಶಿಷ್ಯನ ಬೆರಳಿನ ತುದಿಗೆ ಅನುಭವವನ್ನು ದಾಟಿಸಲು ಉಪಮೆಗಿಂತ ಬೇರೆ ಉಪಕರಣ ಗುರುವಿನ ಬಳಿ ಇರಲಿಲ್ಲ.

ಇದು ಭಾರತಕ್ಕಷ್ಟೇ ಸೀಮಿತವಾದ ಕ್ರಮವಲ್ಲ. ಕ್ರಿಸ್ತಶಕ 2ನೆಯ ಶತಮಾನದ ಗ್ಯಾಲೆನ್ ತನ್ನ ನಾಡೀಗ್ರಂಥಗಳಲ್ಲಿ ಜಿಂಕೆಯ ನೆಗೆತದ ನಾಡಿ, ಇರುವೆಯ ಹರಿದಾಟದ ನಾಡಿ ಎಂದು ಹೆಸರಿಸುತ್ತಾನೆ. ಅವನಿಗಿಂತ ಸುಮಾರು ನಾಲ್ಕೂವರೆ ಶತಮಾನಗಳಷ್ಟು ಹಿಂದೆ ಅಲೆಗ್ಸಾಂಡ್ರಿಯಾದ ಹೆರೋಫಿಲಸ್ ನಾಡಿಯ ಏರಿಳಿತವನ್ನು ಛಂದಸ್ಸಿನ ಗಣಗಳಿಗೆ ಹೋಲಿಸಿದ್ದನು. ನೀರ್ಗಡಿಯಾರದಿಂದ ಅದರ ವೇಗವನ್ನು ಅಳೆಯಲು ಯತ್ನಿಸಿದನೆಂದೂ ಪ್ರಾಚೀನ ದಾಖಲೆಯೊಂದು ತಿಳಿಸುತ್ತದೆ. ಚೀನಾದ ‘ಹುವಾಂಗ್‌ಡಿ ನೇಯ್‌ಜಿಂಗ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎಣಿಕೆಯನ್ನೇ ಕೊಡುತ್ತದೆ: ಉಸಿರು ಬಿಡುವಾಗ ಎರಡು, ಎಳೆದುಕೊಳ್ಳುವಾಗ ಎರಡು, ನಡುವಣ ಬಿಡುವನ್ನು ಸೇರಿಸಿದರೆ ಐದು ಮಿಡಿತಗಳಿರುವವನು ಸಮಸ್ಥಿತಿಯ ಮನುಷ್ಯ. ರೋಗಿಯ ಉಸಿರು ರೋಗದಿಂದ ಕೆಟ್ಟಿರಬಹುದಾದ್ದರಿಂದ ವೈದ್ಯನು ತನ್ನದೇ ಉಸಿರನ್ನು ಮಾನದಂಡವಾಗಿ ಬಳಸಬೇಕೆಂಬುದು ಅಲ್ಲಿಯ ವಿಧಿ. ನಿಮಿಷಕ್ಕೆ 15 ಉಸಿರುಗಳೆಂಬ ಲೆಕ್ಕವನ್ನು ಇದಕ್ಕೆ ಅನ್ವಯಿಸಿದರೆ 60ರಿಂದ 75 ಮಿಡಿತಗಳಾಗುತ್ತವೆ. ಗಡಿಯಾರವಿಲ್ಲದ ಸಮಾಜದಲ್ಲಿ ಆರೋಗ್ಯವಂತನ ದೇಹವೇ ಗಡಿಯಾರವಾಗಿತ್ತು.

ನಂತರದ ಸಂಸ್ಕೃತ ನಾಡೀಗ್ರಂಥಗಳಲ್ಲಿ ಮತ್ತೊಂದು ಮಹತ್ತ್ವದ ಸೂಚನೆಯಿದೆ. ಆಗತಾನೇ ಸ್ನಾನ ಮಾಡಿದವರ, ಉಂಡವರ, ಹಸಿದು ಬಾಯಾರಿದವರ, ಬಿಸಿಲಿನಲ್ಲಿ ಬಳಲಿದವರ, ವ್ಯಾಯಾಮದಿಂದ ದಣಿದವರ ನಾಡಿಯು ಸರಿಯಾಗಿ ತಿಳಿಯುವುದಿಲ್ಲ ಎಂದು ಅವು ಎಚ್ಚರಿಸುತ್ತವೆ. ವಿಶ್ರಾಂತ ಸ್ಥಿತಿಯೇ ಪರೀಕ್ಷೆಯ ನೆಲೆಯೆಂಬ ಅರಿವು ಇಲ್ಲಿ ಖಚಿತವಾಗಿದೆ. ಐದು ನಿಮಿಷ ಸುಮ್ಮನೆ ಕುಳಿತು, ಕಾಫಿ, ತಂಬಾಕು, ಶ್ರಮಗಳ ಪ್ರಭಾವವಿಲ್ಲದಾಗ ನಾಡಿ ಎಣಿಸಬೇಕೆಂಬ ಇಂದಿನ ಸಲಹೆಯು ಇದೇ ತರ್ಕವನ್ನು ಅನುಸರಿಸುತ್ತದೆ. ಸಂಖ್ಯೆಯಿಲ್ಲದೆಯೂ ವಿಶ್ರಾಂತಿಯ ಪರಿಕಲ್ಪನೆ ಸಾಧ್ಯವಾಗಿತ್ತೆಂಬುದಕ್ಕೆ ಇದು ನಿದರ್ಶನ.

3. ಸಂಖ್ಯೆಯಾಗಿ ನಾಡಿ

ನಾಡಿಯನ್ನು ಅಳೆಯುವ ಉಪಕರಣದ ಚರಿತ್ರೆ 17ನೆಯ ಶತಮಾನದ ಆರಂಭದಲ್ಲಿ ಇಟಲಿಯ ಸಾಂಟೋರಿಯೊ ರೂಪಿಸಿದ ಲೋಲಕದಿಂದ ಹೊಸ ತಿರುವು ಪಡೆಯಿತು. ಲೋಲಕದ ದಾರವನ್ನು ಹಿಗ್ಗಿಸಿ ಕುಗ್ಗಿಸಿ ಅದರ ತೂಗಾಟವನ್ನು ನಾಡಿಗೆ ಸರಿಹೊಂದಿಸಲಾಗುತ್ತಿತ್ತು. ದೊರೆಯುತ್ತಿದ್ದುದು ಮಿಡಿತಗಳ ಸಂಖ್ಯೆಯಲ್ಲ, ದಾರದ ಉದ್ದ. ಅದೇ ರೋಗಿಯ ನಾಡಿಯನ್ನು ನಿನ್ನೆಯ ನಾಡಿಯೊಂದಿಗೆ ಹೋಲಿಸಲು ಅಷ್ಟು ಸಾಕಾಗಿತ್ತು.

1628ರಲ್ಲಿ ವಿಲಿಯಂ ಹಾರ್ವೆ ರಕ್ತಪರಿಚಲನೆಯನ್ನು ಪ್ರತಿಪಾದಿಸುವಾಗ, ಹೃದಯವು ಅರ್ಧ ಗಂಟೆಯಲ್ಲಿ ಸಾವಿರಕ್ಕೂ ಹೆಚ್ಚು ಬಾರಿ, ಕೆಲವರಲ್ಲಿ ಎರಡು, ಮೂರು, ನಾಲ್ಕು ಸಾವಿರ ಬಾರಿ ಮಿಡಿಯುತ್ತದೆಂದು ಬರೆದನು. ನಿಮಿಷಕ್ಕೆ ಇಳಿಸಿದರೆ ಇದು 33ರಿಂದ 133ರವರೆಗೆ ಹರಡಿಕೊಳ್ಳುತ್ತದೆ. ಹಾರ್ವೆಗೆ ಸಹಜ ಮಿಡಿತವನ್ನು ನಿಗದಿಪಡಿಸುವ ಉದ್ದೇಶವಿರಲಿಲ್ಲ. ಅತ್ಯಂತ ಕಡಿಮೆ ಎಣಿಕೆಯಲ್ಲಿಯೂ ಹೃದಯದ ಮೂಲಕ ಸಾಗುವ ರಕ್ತ ದೇಹದಲ್ಲಿರುವ ರಕ್ತಕ್ಕಿಂತ ಹೆಚ್ಚಾಗುತ್ತದೆಂದು ತೋರಿಸಿದರೆ ಅವನ ವಾದ ಗೆಲ್ಲುತ್ತಿತ್ತು.

ಹೈಗೆನ್ಸನು 1656ರಲ್ಲಿ ಲೋಲಕ ಗಡಿಯಾರವನ್ನು ರೂಪಿಸಿದ ಮೇಲೆ ನಿಮಿಷ, ಸೆಕೆಂಡುಗಳು ವ್ಯವಹಾರದ ಘಟಕಗಳಾದವು. ಇಂಗ್ಲೆಂಡಿನ ಲಿಚ್‌ಫೀಲ್ಡಿನ ವೈದ್ಯ ಜಾನ್ ಫ್ಲಾಯರ್ ಒಂದು ನಿಮಿಷವನ್ನು ಅಳೆಯುವ ವಿಶೇಷ ಗಡಿಯಾರವನ್ನು ಮಾಡಿಸಿಕೊಂಡು, 1707ರಲ್ಲಿ ನಾಡೀಗಡಿಯಾರವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. 1710ರಲ್ಲಿ ಬಂದ ಅದರ ಎರಡನೆಯ ಸಂಪುಟದಲ್ಲಿ ಅವನು ಚೀನೀ ನಾಡೀಪರೀಕ್ಷೆಯನ್ನೂ ಚರ್ಚಿಸುತ್ತಾನೆ. ಎಣಿಕೆಯ ಪ್ರವರ್ತಕನೇ ಗತಿಯ ಪರಂಪರೆಯತ್ತ ಗೌರವದಿಂದ ನೋಡಿದನೆಂಬುದು ಸಾಂಸ್ಕೃತಿಕ ಚರಿತ್ರೆಯ ದೃಷ್ಟಿಯಿಂದ ಮುಖ್ಯ.

ಹೃದಯಕ್ಕೆ ಲಯವನ್ನು ಕೊಡುವ ಅಂಗಾಂಶವನ್ನು 1907ರಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಗುರುತಿಸಿದರು. ಅದನ್ನು ಅದರ ಪಾಡಿಗೆ ಬಿಟ್ಟರೆ ಯುವ ವಯಸ್ಕರಲ್ಲಿ ಅದು ನಿಮಿಷಕ್ಕೆ ಸುಮಾರು 100 ಬಾರಿ ಮಿಡಿಯುತ್ತದೆ. ವೇಗಸ್ ಎಂಬ ನರವು ಹೃದಯದ ವೇಗವನ್ನು ತಗ್ಗಿಸುತ್ತದೆಂಬುದನ್ನು ವೆಬರ್ ಸಹೋದರರು 1845ರಲ್ಲಿಯೇ ತೋರಿಸಿದ್ದರು. ಹೀಗಾಗಿ ವಿಶ್ರಾಂತಿಯ 70 ಮಿಡಿತಗಳೆಂದರೆ ಹೃದಯವನ್ನು ಸುಮ್ಮನೆ ಬಿಟ್ಟಾಗ ದೊರೆಯುವ ಸಂಖ್ಯೆಯಲ್ಲ. ದೇಹವು ಸದಾ ಕಡಿವಾಣ ಹಿಡಿದು ಕಾಯ್ದುಕೊಂಡ ಸ್ಥಿತಿ.

4. ವ್ಯಾಪ್ತಿಯಾಗಿ ನಾಡಿ

‘ನಾರ್ಮಲ್’ ಎಂಬ ಪದದ ಮೂಲವಾದ ಲ್ಯಾಟಿನ್ ‘ನಾರ್ಮಾ’ಕ್ಕೆ ಬಡಗಿಯ ಮೂಲೆಮಟ್ಟ ಎಂದು ಅರ್ಥ. ಬೆಲ್ಜಿಯಂನ ಕ್ವೆಟಲೆ 1835ರಲ್ಲಿ ಮಂಡಿಸಿದ ‘ಸರಾಸರಿ ಮನುಷ್ಯ’ನ ಕಲ್ಪನೆಯು ಈ ಮೂಲೆಮಟ್ಟವನ್ನು ಜನಸಮುದಾಯದ ಅಂಕಿಅಂಶಗಳಲ್ಲಿ ಹುಡುಕಿತು. 60ರಿಂದ 100 ಎಂಬ ಅಂಚುಗಳು ಎಣಿಸಲು ಅನುಕೂಲವಾದ ದುಂಡು ಸಂಖ್ಯೆಗಳು. ಇಂದಿನ ಹೃದಯವಿದ್ಯುತ್ ಲೇಖದ ಕಾಗದದ ಮೇಲೆ ಎರಡು ಮಿಡಿತಗಳ ನಡುವೆ ಐದು ದೊಡ್ಡ ಚೌಕಗಳಿದ್ದರೆ 60, ಮೂರಿದ್ದರೆ 100.

ಈ ಅಂಚುಗಳು ಅಲುಗದ ಗಡಿಕಲ್ಲುಗಳಲ್ಲ. ಅಮೆರಿಕದ ಹೃದ್ರೋಗ ತಜ್ಞರ ಸಂಘಟನೆಗಳು 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಮಂದಗತಿಯ ಗಡಿಯನ್ನು 60ರ ಬದಲು 50ಕ್ಕೆ ಇಳಿಸಿತು. 90,000ಕ್ಕೂ ಹೆಚ್ಚು ವಯಸ್ಕರು ಮಣಿಕಟ್ಟಿಗೆ ಧರಿಸಿದ ಸಾಧನಗಳ ಮಾಹಿತಿಯನ್ನು ಆಧರಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ವಿಶ್ರಾಂತಿಯ ಸರಾಸರಿ ಮಿಡಿತವನ್ನು 65 ಎಂದು ಕಂಡುಕೊಂಡಿತು. ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಅದು 40ರಿಂದ 109ರವರೆಗೆ ಬದಲಾಗುತ್ತಿತ್ತು. ಒಬ್ಬನೇ ವ್ಯಕ್ತಿಯಲ್ಲಿ ಮಾತ್ರ ಕಾಲದಿಂದ ಕಾಲಕ್ಕೆ ಆಗುವ ವ್ಯತ್ಯಾಸ ಬಹುಮಟ್ಟಿಗೆ ಚಿಕ್ಕದು. ನವಜಾತ ಶಿಶುವಿನಲ್ಲಿ 100ರಿಂದ 160ರವರೆಗಿನ ಮಿಡಿತ ಸಹಜ. ಕಠಿಣ ತರಬೇತಿ ಪಡೆದ ಓಟಗಾರರಲ್ಲಿ 40ರ ಆಸುಪಾಸೂ ಸಹಜವೇ. ಫ್ರಾನ್ಸಿನ ಕಾಂಗಿಯೆಮ್ 1943ರ ತನ್ನ ಗ್ರಂಥದಲ್ಲಿ, ನೆಪೋಲಿಯನ್ನನ ನಾಡಿಯು ಆರೋಗ್ಯದ ದಿನಗಳಲ್ಲಿಯೂ 40 ಇತ್ತೆಂಬ ಪ್ರತೀತಿಯನ್ನು ಉಲ್ಲೇಖಿಸಿ, ಸರಾಸರಿಯು ಆರೋಗ್ಯದ ವ್ಯಾಖ್ಯೆಯಾಗಲಾರದೆಂದು ವಾದಿಸಿದ್ದನು.

5. ಸಾಮಾನ್ಯವೂ ಸಹಜವೂ

ಕನ್ನಡದಲ್ಲಿ ‘ನಾರ್ಮಲ್’ ಎಂಬುದಕ್ಕೆ ‘ಸಾಮಾನ್ಯ’ ಮತ್ತು ‘ಸಹಜ’ ಎಂಬ ಎರಡು ಪದಗಳನ್ನು ಭೇದವಿಲ್ಲದೆ ಬಳಸಲಾಗುತ್ತಿದೆ. ಹಲವರಲ್ಲಿ ಕಾಣುವುದು ಸಾಮಾನ್ಯ. ಒಂದು ಜೀವಕ್ಕೆ ತನ್ನದಾಗಿ ಒದಗಿಬಂದದ್ದು ಸಹಜ. ಈ ಭೇದವನ್ನು ಮರೆತರೆ ತೆರಬೇಕಾದ ಬೆಲೆ ಸಣ್ಣದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷ ವಯಸ್ಸಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿತ್ತು. ರಕ್ತದಲ್ಲಿ ಆಮ್ಲಜನಕವನ್ನು ಒಯ್ಯುವ ಶಕ್ತಿ ಕುಗ್ಗಿದಾಗ ಹೃದಯವು ಆ ಕೊರತೆಯನ್ನು ತುಂಬಲು ಹೆಚ್ಚು ದುಡಿಯುತ್ತದೆ, ನಾಡಿಯ ವೇಗ ಏರಬಹುದು. ಕೆಲಸದ ಹೆಣ್ಣುಮಗಳೊಬ್ಬಳ ವಿಶ್ರಾಂತಿಯ ನಾಡಿ 70ರಿಂದ 95ಕ್ಕೆ ಏರಿದರೂ ಅದು 100ರ ಒಳಗೇ ಇರುತ್ತದೆ. ಪಟ್ಟಿಯ ಪ್ರಕಾರ ಆಕೆ ‘ಸಾಮಾನ್ಯ’. ಸುತ್ತಲಿನವರಿಗೂ ಅದೇ ಸುಸ್ತು, ಅದೇ ಏದುಸಿರು ಇರುವುದರಿಂದ ಸಮುದಾಯದ ಕಣ್ಣಿಗೂ ‘ಸಾಮಾನ್ಯ’. ಆಕೆಯ ಪಾಲಿಗೆ ಮಾತ್ರ ಅದು ಸಹಜವಲ್ಲ. ಇದಕ್ಕೆ ಪ್ರತಿಯಾಗಿ, ಹೊಲದ ದುಡಿಮೆಯಲ್ಲಿ ಪಳಗಿದ ದೇಹದ 54 ಮಿಡಿತಗಳು ಪಟ್ಟಿಯಿಂದ ಹೊರಗುಳಿದರೂ, ತಲೆಸುತ್ತು, ಮೂರ್ಛೆಗಳಿಲ್ಲದಿದ್ದರೆ, ಸಹಜವೇ ಆಗಿರಬಹುದು.

ಆಡುಮಾತಿನ ನುಡಿಗಟ್ಟುಗಳು ಈ ವಿವೇಕಕ್ಕೆ ಹತ್ತಿರವಾಗಿವೆ. ಎದೆ ಢವಢವ ಎನ್ನುವುದು, ಎದೆ ಹೊಡೆದುಕೊಳ್ಳುವುದು, ಎದೆ ಝಲ್ಲೆನ್ನುವುದು, ನಾಡಿ ಕುಗ್ಗುವುದು ಇವೆಲ್ಲವೂ ಇದ್ದ ಸ್ಥಿತಿಯಿಂದಾದ ಪಲ್ಲಟವನ್ನು ಹೇಳುತ್ತವೆ. ಸುಮ್ಮನೆ ಮಿಡಿಯುತ್ತಿರುವ ಎದೆಗೆ ಇಂತಹ ನುಡಿಗಟ್ಟಿನ ಅಗತ್ಯವೇ ಬಂದಿಲ್ಲ. ವ್ಯಕ್ತಿಯು ತನ್ನದೇ ನಿನ್ನೆಯೊಂದಿಗೆ ಇಂದನ್ನು ಹೋಲಿಸಿಕೊಳ್ಳುವ ಈ ಕ್ರಮವೇ ಸಾಂಟೋರಿಯೊನ ದಾರದ ತರ್ಕವೂ ಹೌದು. ಆದರೆ ನುಡಿಗಟ್ಟಿಗೂ ಮಿತಿಯಿದೆ: ವರ್ಷಗಳ ಕಾಲ ನಿಧಾನವಾಗಿ ಏರಿದ ನಾಡಿಯು ‘ಪಲ್ಲಟ’ವಾಗಿ ಅನುಭವಕ್ಕೆ ಬರುವುದಿಲ್ಲ. ಅಲ್ಲಿ ಎಣಿಕೆಯೇ ಸಾಕ್ಷಿ. ವಿಶ್ರಾಂತಿಯಲ್ಲಿಯೂ ನಾಡಿಯು 100ನ್ನು ಮೀರಿಯೇ ಉಳಿದರೆ ವೈದ್ಯಕೀಯ ತಪಾಸಣೆ ಅಗತ್ಯವೆಂಬುದರಲ್ಲಿ ಸಂದೇಹವಿಲ್ಲ.

2020-21ರ ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಆಶಾ ಕಾರ್ಯಕರ್ತೆಯರ ಕೈಚೀಲದ ಮೂಲಕ ಹಳ್ಳಿಯ ಜಗಲಿಯನ್ನು ತಲುಪಿತು. ಆಮ್ಲಜನಕದ ಅಂಕಿಯ ಪಕ್ಕದಲ್ಲಿ ನಾಡಿಯ ಅಂಕಿಯೂ ಮಿನುಗಿತು. ಎಲ್ಲರೂ ಮೊದಲನೆಯದನ್ನು ಓದಿದರು. ಗತಿ, ಸಂಖ್ಯೆ, ವ್ಯಾಪ್ತಿ ಎಂಬ ಮೂರು ನೆಲೆಗಳಲ್ಲಿ ಒಂದು ಮತ್ತೊಂದನ್ನು ಅಳಿಸಿಲ್ಲವೆಂಬುದು ಮೇಲಿನ ವಿವೇಚನೆಯಿಂದ ಸ್ಪಷ್ಟವಾಗುತ್ತದೆ. ಆದ್ದರಿಂದ ಜನಪದ ವೈದ್ಯದ ಕ್ಷೇತ್ರಕಾರ್ಯದಲ್ಲಿ ನಾಟಿವೈದ್ಯರು ನಾಡಿಗೆ ಕೊಡುವ ಉಪಮೆಯನ್ನು ದಾಖಲಿಸುವ ಸಂಶೋಧಕರು, ಅದೇ ಹೊತ್ತಿನಲ್ಲಿ ಗಡಿಯಾರ ಹಿಡಿದು ಒಂದು ಪೂರ್ತಿ ನಿಮಿಷದ ಎಣಿಕೆಯನ್ನೂ, ವ್ಯಕ್ತಿಯ ವಯಸ್ಸು, ದುಡಿಮೆ, ಆಹಾರಗಳ ವಿವರವನ್ನೂ ಒಪ್ಪಿಗೆ ಪಡೆದು ಬರೆದುಕೊಳ್ಳುವುದು ಅಪೇಕ್ಷಣೀಯ. ಹಾಗೆ ಸಂಗ್ರಹಿಸಿದ ಸಾಮಗ್ರಿಯಿಂದಷ್ಟೇ ಬೆರಳು ಅರಿತದ್ದೇನು, ಗಡಿಯಾರ ಕಂಡದ್ದೇನು ಎಂಬುದನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಪರೀಕ್ಷಿಸುವುದು ಸಾಧ್ಯವಾದೀತು.