ಎರೆಯ ವಿದ್ಯೆ, ಬಿಡುವ ವಿವೇಕ

ಗಾಳ ಹಾಕಿ ಕೆರೆಯ ದಡದಲ್ಲಿ ಕುಳಿತವನನ್ನು ಕಂಡರೆ ಕೆಲಸವಿಲ್ಲದವನೆಂದು ಭಾವಿಸುವವರೇ ನಮ್ಮಲ್ಲಿ ಹೆಚ್ಚು. ಆದರೆ ಸುಮಾರು ಒಂಬೈನೂರು ವರ್ಷಗಳ ಹಿಂದೆ ಕನ್ನಡನಾಡಿನ ಚಕ್ರವರ್ತಿಯೊಬ್ಬನು ಈ ಕೆಲಸವನ್ನು ಅರಸರಿಗೆ ತಕ್ಕ ವಿನೋದವೆಂದೆಣಿಸಿ, ತನ್ನ ಗ್ರಂಥದಲ್ಲಿ ಅದಕ್ಕೊಂದು ಅಧ್ಯಾಯವನ್ನೇ ಮೀಸಲಿಟ್ಟನು. ಆತನೇ ಕಲ್ಯಾಣದ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರ. ಆರನೆಯ ವಿಕ್ರಮಾದಿತ್ಯನ ಮಗನಾದ ಈತನಿಗೆ ಭೂಲೋಕಮಲ್ಲ, ಸರ್ವಜ್ಞ ಚಕ್ರವರ್ತಿ ಎಂಬ ಬಿರುದುಗಳಿದ್ದುವು. ಮುಂದಿನ ತಲೆಮಾರಿನಲ್ಲಿ ಬಸವಣ್ಣನವರು ನಡೆದಾಡಿದ ಕಲ್ಯಾಣವೂ ಇದೇ. ನಮ್ಮ ಬಸವೇಶ್ವರನಗರ ಆ ಮಹಾಪುರುಷನ ಹೆಸರನ್ನು ಹೊತ್ತಿದೆ. ಆದರೆ ಅದೇ ಕಲ್ಯಾಣದಲ್ಲಿ ಮೀನಿನ ಶಾಸ್ತ್ರವೂ ಹುಟ್ಟಿತೆಂಬುದನ್ನು ಬಲ್ಲವರು ವಿರಳ.

ಸೋಮೇಶ್ವರನ ಗ್ರಂಥದ ಹೆಸರು ‘ಮಾನಸೋಲ್ಲಾಸ’. ‘ಅಭಿಲಷಿತಾರ್ಥ ಚಿಂತಾಮಣಿ’ ಎಂದೂ ಕರೆಯುವರು. ೧೧೩೦ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿತವಾದ ಇದರಲ್ಲಿ ಐದು ಪ್ರಕರಣಗಳು. ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು. ಅರಸನ ವಿನೋದಗಳನ್ನು ಹೇಳುವ ನಾಲ್ಕನೆಯ ಪ್ರಕರಣದಲ್ಲಿ ‘ಮತ್ಸ್ಯವಿನೋದ’ ಬರುತ್ತದೆ. ಮೊದಲ ಭಾಗವನ್ನು ಆರ್. ಶಾಮಶಾಸ್ತ್ರಿಗಳು ೧೯೨೬ರಲ್ಲಿ ಮೈಸೂರಿನಿಂದ ಹೊರತಂದರು. ಬರೋಡೆಯಲ್ಲಿ ೧೯೨೫ರಿಂದ ೧೯೬೧ರವರೆಗೆ ಮೂರು ಸಂಪುಟಗಳು ಪ್ರಕಟವಾದುವು. ಮೀನಿನ ಅಧ್ಯಾಯದ ಬೆಲೆಯನ್ನು ಮೊದಲು ಚೆನ್ನಾಗಿ ಅರಿತವರು ಸಾಹಿತ್ಯದ ವಿದ್ವಾಂಸರಲ್ಲ, ಪ್ರಾಣಿಶಾಸ್ತ್ರಜ್ಞರು. ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣದ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ ೧೯೫೧ರಲ್ಲಿ ಈ ಭಾಗವನ್ನು ಕುರಿತು ವಿವರವಾಗಿ ಬರೆದರು.

ಆ ಅಧ್ಯಾಯದಲ್ಲಿ ಸುಮಾರು ಮೂವತ್ತೈದು ಬಗೆಯ ಮೀನುಗಳ ಹೆಸರಿದೆ. ಕಡಲ ಮೀನು ಯಾವುದು, ಹೊಳೆಯ ಮೀನು ಯಾವುದು, ಹುರುಪೆಯುಳ್ಳದ್ದು ಯಾವುದು, ಬರಿಯ ಚರ್ಮದ್ದು ಯಾವುದು ಎಂದು ವಿಂಗಡಿಸಿದ ಮೇಲೆ ಯಾವುದರ ಆಹಾರ ಏನು ಎಂಬ ವಿಷಯ ಬರುತ್ತದೆ. ಹಿಂಡಿ, ಅನ್ನ, ಹಿಟ್ಟುಗಳನ್ನು ಕಲಸಿ ಮಾಡಿದ ಉಂಡೆಗೆ ಒಲಿಯುವ ಮೀನು ಒಂದಾದರೆ, ಮಾಂಸಕ್ಕೆ ಮಾತ್ರ ಬಾಯಿ ಹಾಕುವ ಮೀನು ಇನ್ನೊಂದು. ದಾರ, ಕೋಲು, ಕೊಕ್ಕೆಗಳ ವಿಚಾರವೂ ಉಂಟು. ಮೀನಿನ ಸ್ವಭಾವವನ್ನು ತಿಳಿಯದವನಿಗೆ ಗಾಳ ವ್ಯರ್ಥ ಎಂಬುದೇ ಇದರ ಒಟ್ಟು ಅಭಿಪ್ರಾಯ.

ಹೊಳೆಯ ದೊಡ್ಡ ಮೀನುಗಳಲ್ಲಿ ‘ಪಾಠೀನ’ವೂ ಒಂದು. ವಿದ್ವಾಂಸರು ಇದನ್ನು ನಮ್ಮ ‘ಬಾಳೆ ಮೀನು’ ಎಂದು ಗುರುತಿಸಿದ್ದಾರೆ. ಹುರುಪೆಯಿಲ್ಲದ ನುಣುಪಾದ ಮೈ, ಉದ್ದನೆಯ ಮೀಸೆ, ಕಣ್ಣಿನಾಚೆಗೂ ಸೀಳಿದಂಥ ಬಾಯಿ. ರಾತ್ರಿಯ ಹೊತ್ತು ಸಣ್ಣ ಮೀನು, ಕಪ್ಪೆಗಳನ್ನು ಬೇಟೆಯಾಡುವ ಈ ಜೀವಕ್ಕೆ ಅಮರಕೋಶವು ‘ಸಹಸ್ರದಂಷ್ಟ್ರ’ ಎಂಬ ಹೆಸರನ್ನೂ ಕೊಟ್ಟಿದೆ. ಅದರ ಬಾಯಲ್ಲಿ ಸಾಲುಗಟ್ಟಿದ ಮೊನೆಹಲ್ಲುಗಳನ್ನು ಕಂಡವರಿಗೆ ಆ ಹೆಸರು ಅತಿಶಯೋಕ್ತಿಯೆನಿಸದು. ಇಂಥದಕ್ಕೆ ಹಿಟ್ಟಿನ ಉಂಡೆ ಒಡ್ಡಿ ಕುಳಿತವನು ಬರಿಗೈಯಲ್ಲಿ ಮನೆಗೆ ಮರಳಬೇಕಾದೀತು.

ಈ ತಿಳಿವಳಿಕೆ ಅರಮನೆಯಲ್ಲಿ ಹುಟ್ಟಿದ್ದಲ್ಲ. ಗ್ರಂಥಕ್ಕೆ ಅರಸನ ಹೆಸರಿದೆ. ಆದರೆ ಅದರೊಳಗಿನ ಅನುಭವ ಬೆಸ್ತರದು, ಅಂಬಿಗರದು. ಅವರ ಹೆಸರುಗಳು ಉಳಿಯಲಿಲ್ಲ. ಅವರ ಮಾತು ಉಳಿಯಿತು. ಮೀನಿಗೆ ಒಡ್ಡುವ ತಿನಿಸಿಗೆ ಕನ್ನಡದಲ್ಲಿ ‘ಎರೆ’ ಎನ್ನುತ್ತಾರೆ. ತಮಿಳಿನ ‘ಇರೈ’ ಇದರ ಒಡಹುಟ್ಟು. ತರಗತಿಯಲ್ಲಿ ಈ ಪದವನ್ನು ವಿವರಿಸುವಾಗ ‘ಎರೆಹುಳು’ವನ್ನು ನೆನಪಿಸುತ್ತೇನೆ. ನೆಲದಡಿಯ ಆ ಹುಳುವನ್ನೂ ಗಾಳದ ತುದಿಯ ತಿನಿಸನ್ನೂ ಒಂದೇ ಮಾತಿನಿಂದ ಕರೆದ ನಮ್ಮ ಪೂರ್ವಿಕರಿಗೆ ಎರೆಯ ವಿದ್ಯೆ ಎಷ್ಟು ಬಳಕೆಯದಾಗಿತ್ತೆಂಬುದು ಇದರಿಂದಲೇ ತಿಳಿಯುತ್ತದೆ.

ಎರೆಯನ್ನು ಆರಿಸುವುದು ಒಂದು ವಿದ್ಯೆಯಾದರೆ, ಸಿಕ್ಕ ಮೀನುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕೆಂಬುದು ಇನ್ನೊಂದು. ಇದಕ್ಕೂ ನಮ್ಮಲ್ಲಿ ಹಳೆಯ ಚರಿತ್ರೆಯಿದೆ. ಮನುಸ್ಮೃತಿಯ ಐದನೆಯ ಅಧ್ಯಾಯ ಹುರುಪೆಯುಳ್ಳ ಮೀನುಗಳಿಗೆ ಅನುಮತಿ ಕೊಡುತ್ತದೆ. ಹುರುಪೆಯಿಲ್ಲದಿದ್ದರೂ ಪಾಠೀನವನ್ನು ಹೆಸರಿಸಿ ಹವ್ಯಕವ್ಯಗಳಿಗೆ ಸಲ್ಲುವುದೆನ್ನುತ್ತದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕನು ತನ್ನ ಐದನೆಯ ಸ್ತಂಭಶಾಸನದಲ್ಲಿ ಕೆಲವು ಜಲಚರಗಳನ್ನು ಅವಧ್ಯವೆಂದು ಸಾರಿ, ಗೊತ್ತಾದ ಪರ್ವದಿನಗಳಲ್ಲಿ ಮೀನನ್ನು ಕೊಲ್ಲಬಾರದು, ಮಾರಬಾರದು ಎಂದು ವಿಧಿಸಿದನು. ಶೃಂಗೇರಿಯ ತುಂಗೆಯಲ್ಲಿ, ದಕ್ಷಿಣ ಕನ್ನಡದ ಶಿಶಿಲದ ಹೊಳೆಯಲ್ಲಿ, ದೇವರ ಮೀನೆಂದು ಜನ ಇಂದಿಗೂ ಅಕ್ಕಿ ಚೆಲ್ಲುತ್ತಾರೆಯೇ ಹೊರತು ಗಾಳ ಹಾಕುವುದಿಲ್ಲ. ಆಚಾರ, ರಾಜಾಜ್ಞೆ, ಭಕ್ತಿ—ಇವು ಮೂರೂ ಬೇರೆ ಬೇರೆ ದಾರಿಯಿಂದ ಬಂದು ಮನುಷ್ಯನ ಕೈಯನ್ನು ಒಂದಿಷ್ಟು ತಡೆದುವು.

ಪಾಶ್ಚಾತ್ಯರ ಗಾಳದ ಶಾಸ್ತ್ರವೂ ನಮ್ಮ ನಾಡಿನಲ್ಲೇ ಗ್ರಂಥರೂಪ ತಾಳಿದ್ದು ವಿಶೇಷ. ಮದರಾಸು ಸರ್ಕಾರದ ಅಧಿಕಾರಿ ಎಚ್. ಎಸ್. ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ ೧೮೭೩ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಇಂಗ್ಲಿಷರು ನಮ್ಮ ಬಾಳೆ ಮೀನನ್ನು ‘ಸಿಹಿನೀರಿನ ಶಾರ್ಕ್’ ಎಂದರು. ಅವರ ಕಾಲದಲ್ಲಿ ತೂಕವೇ ಕೀರ್ತಿ. ೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ೧೨೦ ಪೌಂಡಿನ ಮಹಶೀರ್ ಮೀನನ್ನು ಹಿಡಿದದ್ದು ಬಹುಕಾಲ ಪ್ರಸಿದ್ಧವಾಗಿತ್ತು. ಅನಂತರ ಭೀಮೇಶ್ವರಿ, ಗಾಳಿಬೋರೆಗಳ ಬಳಿ ಕಾವೇರಿಯಲ್ಲಿ ಹಿಡಿದ ಮೀನನ್ನು ತೂಗಿ ಬಿಡುವ ಪದ್ಧತಿ ಬೆಳೆಯಿತು. ಅಲ್ಲಿ ಎರೆ ಯಾವುದು? ನಮ್ಮ ರಾಗಿಮುದ್ದೆ!

ಗಾಳಿಬೋರೆಯಲ್ಲಿ ೧೯೯೮ರಿಂದ ೨೦೧೨ರವರೆಗೆ ಬರೆದಿಟ್ಟ ಗಾಳಗಾರರ ಲೆಕ್ಕವನ್ನು ವಿಜ್ಞಾನಿಗಳು ೨೦೧೫ರಲ್ಲಿ ಪರಿಶೀಲಿಸಿದಾಗ ಆತಂಕದ ಸಂಗತಿಯೊಂದು ಹೊರಬಿತ್ತು. ಹೊರಗಿನಿಂದ ತಂದು ಬಿಟ್ಟ ಮಹಶೀರ್ ಜಾತಿ ಹೆಚ್ಚುತ್ತ ಹೋಗಿತ್ತು. ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಕುಸಿದಿತ್ತು. ೨೦೧೮ರವರೆಗೆ ಆ ಮೀನಿಗೆ ಸರಿಯಾದ ಶಾಸ್ತ್ರೀಯ ನಾಮಕರಣವೂ ಆಗಿರಲಿಲ್ಲ. ಹೆಸರು ಗೊತ್ತಾಗುವ ಹೊತ್ತಿಗೆ ಅದು ವಿನಾಶದ ಅಂಚನ್ನು ಮುಟ್ಟಿತ್ತು. ಎಲ್ಲವನ್ನೂ ಬಿಡುವುದು ದಯೆಯಿರಬಹುದು. ಆದರೆ ಯಾವುದನ್ನು ಬಿಡುತ್ತಿದ್ದೇವೆಂಬ ಅರಿವಿಲ್ಲದ ದಯೆಯಿಂದ ಹೊಳೆ ಉಳಿಯುವುದಿಲ್ಲ.

ಈ ಮಾತು ದೂರದ ಕಾವೇರಿಗೆ ಮಾತ್ರ ಸಂಬಂಧಿಸಿದ್ದಲ್ಲ. ನಮ್ಮ ಪಶ್ಚಿಮ ಬೆಂಗಳೂರಿನ ನೀರನ್ನು ಹೊತ್ತ ವೃಷಭಾವತಿ ಕೆಂಗೇರಿಯನ್ನು ದಾಟಿ, ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ರಾಜಾಜಿನಗರ, ವಿಜಯನಗರಗಳ ಕೊಳಚೆಯಿಂದ ಹಾಳಾದ ಆ ನೀರಿನಲ್ಲಿ ಹಿಡಿದ ಮೀನು ತಿನ್ನಲು ಯೋಗ್ಯವಲ್ಲ. ಆದರೆ ಅಂಥ ನೀರಿಗೂ ಹೆದರದ ಮೀನೊಂದಿದೆ. ಆಫ್ರಿಕಾದ ಕ್ಯಾಟ್‌ಫಿಶ್ ಗಾಳಿಯನ್ನೇ ಉಸಿರಾಡಬಲ್ಲದು. ಎರೆಹುಳು, ಕೋಳಿಯ ಕರುಳು, ಏನು ಒಡ್ಡಿದರೂ ನುಂಗುತ್ತದೆ. ಇತರ ಮೀನುಗಳನ್ನೂ ಬಿಡದು. ಇದರ ಸಾಕಣೆಗೆ ನಮ್ಮ ದೇಶದಲ್ಲಿ ನಿಷೇಧವಿದ್ದರೂ ಬೆಂಗಳೂರಿನ ಕೆರೆಗಳಿಗೆ ಇದು ಬಂದು ಸೇರಿದೆ. ಇದಕ್ಕೆ ಎರೆಯ ಆಯ್ಕೆಯೇ ಬೇಕಿಲ್ಲ. ಆದ್ದರಿಂದ ಬಿಡುವ ವಿವೇಕ ಮೊದಲಿಗಿಂತ ಹೆಚ್ಚು ಬೇಕು. ಕನಿಕರಪಟ್ಟು ಇದನ್ನು ನೀರಿಗೆ ಬಿಟ್ಟವನು ಹತ್ತಾರು ನಾಡಮೀನುಗಳಿಗೆ ಕೇಡು ಮಾಡಿದಂತೆ. ಇತ್ತ ಸೋಮೇಶ್ವರನ ಪಾಠೀನ, ನಮ್ಮ ಬಾಳೆ, ಈಗ ಅಪಾಯಕ್ಕೊಳಗಾದ ಜಾತಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ಮಳೆಗಾಲದಲ್ಲಿ ಮೊಟ್ಟೆ ಹೊತ್ತ ಬಾಳೆಯೂ, ಇನ್ನೂ ಬೆಳೆಯದ ಮರಿಯೂ ಗಾಳಕ್ಕೆ ಸಿಕ್ಕರೆ ನೀರಿಗೇ ಹಿಂತಿರುಗಬೇಕು. ಎರಡಕ್ಕೂ ಮೀಸೆಯುಂಟು, ಎರಡಕ್ಕೂ ಹುರುಪೆಯಿಲ್ಲ. ಆದರೆ ಒಂದನ್ನು ಉಳಿಸಬೇಕು, ಇನ್ನೊಂದನ್ನು ತೆಗೆಯಬೇಕು.

ಇದನ್ನು ಕಲಿಸಬೇಕಾದವರು ಯಾರು? ಕೆರೆಯಂಚಿನ ಹುಡುಗರಿಗೆ ಯಾವ ಎರೆಗೆ ಯಾವ ಮೀನು ಬರುವುದೆಂದು ಗೊತ್ತಿರುತ್ತದೆ. ಅವರ ಅನುಭವಕ್ಕೆ ಮೀನಿನ ಹೆಸರು, ಹುಟ್ಟು, ಊರುಗಳ ತಿಳಿವಳಿಕೆಯನ್ನು ಕೂಡಿಸಿದರೆ ಸಾಕು. ಹನ್ನೆರಡನೆಯ ಶತಮಾನದ ಅರಸನು ಬೆಸ್ತರ ತಿಳಿವಳಿಕೆಯನ್ನು ಕೇಳಿ ಬರೆಯುವಷ್ಟು ವ್ಯವಧಾನ ತೋರಿದನು. ನಮ್ಮ ಶಾಲೆ ಕಾಲೇಜುಗಳಿಗೆ ಅಷ್ಟು ವ್ಯವಧಾನ ಬರುವುದು ಅಸಾಧ್ಯವೇನೂ ಅಲ್ಲ.