ಹೋಟೆಲ್ ಖಾಲಿಯಾದ ಮೇಲೂ ನಿಲ್ಲದ ಹಾಡು: ‘ದಿ ಶೈನಿಂಗ್’ ಕೊನೆಯಲ್ಲಿ ಹಾಡೋದು ಯಾರು?

ಮೊದಲೇ ಹೇಳಿಬಿಡ್ತೀನಿ, ಇವತ್ತಿನ ಸಂಚಿಕೆಯಲ್ಲಿ ಒಂದು ಸಿನಿಮಾದ ಕ್ಲೈಮ್ಯಾಕ್ಸ್ ಪೂರ್ತಿ ಬಿಚ್ಚಿಡ್ತಾ ಇದ್ದೀನಿ. ಸಿನಿಮಾ ಬಂದಿದ್ದು 1980ರಲ್ಲಿ, ಹಾಗಾಗಿ ನನಗೇನೂ ಪಾಪಪ್ರಜ್ಞೆ ಇಲ್ಲ. ಆದ್ರೂ ‘ದಿ ಶೈನಿಂಗ್’ ಇನ್ನೂ ನೋಡಿಲ್ಲ ಅನ್ನೋರು ಇಲ್ಲೇ ನಿಲ್ಲಿಸಿ, ನೋಡ್ಕೊಂಡು ಬನ್ನಿ. ನೋಡಿರೋರು ಹೆಡ್‌ಫೋನ್ ಸರಿಯಾಗಿ ಹಾಕ್ಕೊಳ್ಳಿ.

ಕಥೆ ನೆನಪಿದೆ ಅಲ್ವಾ? ಅಮೆರಿಕದ ಕೊಲರಾಡೊ ಬೆಟ್ಟಗಳ ಮೇಲೆ ಓವರ್‌ಲುಕ್ ಅಂತ ಒಂದು ದೊಡ್ಡ ಹೋಟೆಲ್. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚಿಹೋಗುತ್ತೆ, ಹೋಟೆಲ್‌ಗೆ ಬೀಗ. ಅಷ್ಟೂ ತಿಂಗಳು ಅದನ್ನ ನೋಡ್ಕೊಳ್ಳೋಕೆ ಜ್ಯಾಕ್ ಟಾರೆನ್ಸ್ ಅನ್ನೋ ಬರಹಗಾರ ಹೆಂಡತಿ, ಮಗನ ಜೊತೆ ಬರ್ತಾನೆ. ನಿಧಾನಕ್ಕೆ ಅವನ ತಲೆ ಕೆಡುತ್ತೆ. ಹೋಟೆಲ್ ಕೆಡಿಸ್ತೋ, ಅವನೇ ಕೆಟ್ಟನೋ, ಸಿನಿಮಾ ಬಾಯಿ ಬಿಡಲ್ಲ. ಕೊನೆಗೆ ಕೊಡಲಿ ಹಿಡಿದು ಮಗನನ್ನ ಅಟ್ಟಿಸ್ಕೊಂಡು ಹೋಗಿ, ಗಿಡಗಳ ಚಕ್ರವ್ಯೂಹದೊಳಗೆ ದಾರಿ ತಪ್ಪಿ, ಹಿಮದಲ್ಲಿ ಹೆಪ್ಪುಗಟ್ಟಿ ಸಾಯ್ತಾನೆ. ತಾಯಿ ಮಗ ತಪ್ಪಿಸ್ಕೋತಾರೆ.

ಸಿನಿಮಾ ಇಲ್ಲಿಗೇ ಮುಗಿದಿದ್ರೆ ಅದು ಒಂದು ಒಳ್ಳೆಯ ಹಾರರ್ ಸಿನಿಮಾ ಅಷ್ಟೇ ಆಗ್ತಿತ್ತು. ಆದ್ರೆ ಮುಗಿಯಲ್ಲ. ಕ್ಯಾಮೆರಾ ವಾಪಸ್ ಹೋಟೆಲ್ ಒಳಗೆ ಹೋಗುತ್ತೆ. ಒಬ್ಬ ಮನುಷ್ಯನೂ ಇಲ್ಲ. ಎಲ್ಲೋ ದೂರದ ಕೋಣೆಯಿಂದ ಬರೋ ಹಾಗೆ ಒಂದು ಹಳೇ ಹಾಡು ಕೇಳಿಸುತ್ತೆ. ಕ್ಯಾಮೆರಾ ಗೋಡೆ ಮೇಲಿನ ಫೋಟೋಗಳ ಕಡೆಗೆ ನಿಧಾನವಾಗಿ, ಬಹಳ ನಿಧಾನವಾಗಿ ಹೋಗುತ್ತೆ. ನಡುವಿನ ಫೋಟೋದಲ್ಲಿ ಸೂಟು ಹಾಕಿದ ಗಂಡಸರು, ಪಾರ್ಟಿ ಉಡುಪಿನ ಹೆಂಗಸರು, ತುಂಬಿದ ಸಭಾಂಗಣ. ಎಲ್ಲರಿಗಿಂತ ಮುಂದೆ ನಗ್ತಾ ನಿಂತಿರೋದು ನಮ್ಮ ಜ್ಯಾಕ್. ಕೆಳಗೆ ಬರೆದಿರೋ ತಾರೀಖು 1921ರ ಜುಲೈ 4.

ಎಲ್ಲರೂ ಮಾತಾಡೋದು ಆ ಫೋಟೋ ಬಗ್ಗೆನೇ. ಯೂಟ್ಯೂಬ್ ತೆಗೆದ್ರೆ ಅದಕ್ಕೆ ನೂರು ವ್ಯಾಖ್ಯಾನ. ನನ್ನ ತಕರಾರು ಏನಂದ್ರೆ, ಫೋಟೋ ನಮಗೆ ಒಗಟು ಕೊಡುತ್ತೆ, ಹೆದರಿಕೆ ಕೊಡೋದು ಹಾಡು. ಒಂದು ಸಲ ಮ್ಯೂಟ್ ಮಾಡಿ ಆ ದೃಶ್ಯ ನೋಡಿ. ತಲೆ ಕೆರ್ಕೋತೀರಿ ಅಷ್ಟೇ, ಮೈ ಜುಂ ಅನ್ನಲ್ಲ.

ಅಲ್ಲಿವರೆಗೂ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ನಮ್ಮ ಕಿವಿಗೆ ಹೆಚ್ಚಾಗಿ ಕೊಟ್ಟಿರೋದು ಬೇರೆ. ಪೆಂಡರೆಟ್ಸ್ಕಿ, ಲಿಗೆಟಿ, ಬಾರ್ಟೋಕ್ ತರದ ಇಪ್ಪತ್ತನೇ ಶತಮಾನದ ಸಂಗೀತಗಾರರ ಕೃತಿಗಳು, ಪಿಟೀಲುಗಳು ಕಿರುಚೋ ತರದ ಸಂಗೀತ. ‘ಈಗ ಹೆದರ್ಕೋ’ ಅಂತ ಅದು ಹೇಳುತ್ತೆ, ನಾವು ಹೆದರ್ಕೋತೀವಿ. ಕೊನೆಯಲ್ಲಿ ಅದು ಯಾವುದೂ ಇಲ್ಲ. ಇರೋದು ‘ಮಿಡ್‌ನೈಟ್, ದಿ ಸ್ಟಾರ್ಸ್ ಅಂಡ್ ಯು’ ಅನ್ನೋ ಒಂದು ಪ್ರೇಮಗೀತೆ. ಜೋಡಿಗಳು ಕೈಕೈ ಹಿಡಿದು ನಿಧಾನಕ್ಕೆ ಹೆಜ್ಜೆ ಹಾಕಲಿ ಅಂತ ಮಾಡಿದ ಹಾಡು. ಈ ರಾತ್ರಿಯನ್ನ, ನಿನ್ನನ್ನ, ನಾನು ಬದುಕಿರೋವರೆಗೂ ಮರೆಯಲ್ಲ ಅನ್ನೋದು ಅದರ ಭಾವ. ಪದಗಳಲ್ಲಿ ಸಂತೋಷವೇ ಇದೆ, ವಿಷಾದ ಇರೋದು ದನಿಯಲ್ಲಿ. ಮಾತು ಕೊಡ್ತಾ ಇರೋನಿಗೇ ಆ ಮಾತು ಉಳಿಯಲ್ಲ ಅಂತ ಗೊತ್ತಿರೋ ಹಾಗೆ ಹಾಡ್ತಾನೆ.

ಆದ್ರೆ ಈ ಹೋಟೆಲ್‌ನಲ್ಲಿ ಮಾತು ಉಳಿಯುತ್ತೆ. ಇಲ್ಲಿ ಯಾರೂ ಏನನ್ನೂ ಮರೆಯಲ್ಲ, ಒಳಗೆ ಬಂದವರನ್ನ ಬಿಟ್ಟುಕೊಡೋದೂ ಇಲ್ಲ. ಪ್ರೇಮಿಗಳು ಆಸೆಪಡೋ ಅದೇ ಅಮರತ್ವ ಇಲ್ಲಿ ಶಿಕ್ಷೆ. ಹಾಡಿನ ಒಂದು ಅಕ್ಷರವನ್ನೂ ಬದಲಾಯಿಸದೆ ಅದರ ಅರ್ಥ ತಿರುಗಿಬಿಡುತ್ತೆ.

ಈಗ ಇತಿಹಾಸಕ್ಕೆ ಬರೋಣ. ನಾನು ಓದಿದ್ದು ಬಿಕಾಂ, ಲೆಕ್ಕ ತಾಳೆಯಾಗದಿದ್ರೆ ನಿದ್ದೆ ಬರಲ್ಲ. ಇಲ್ಲಿ ಲೆಕ್ಕ ತಾಳೆಯಾಗಲ್ಲ. ಫೋಟೋ ಮೇಲಿನ ವರ್ಷ 1921. ಹಾಡು ರೆಕಾರ್ಡ್ ಆಗಿದ್ದು 1934ರ ಫೆಬ್ರವರಿ 16ರಂದು, ಅದೂ ಲಂಡನ್‌ನಲ್ಲಿ. ರೇ ನೋಬಲ್ ಅನ್ನೋರ ಆರ್ಕೆಸ್ಟ್ರಾ. ಅಂದ್ರೆ ಅಮೆರಿಕದ ಹೋಟೆಲ್‌ನ ಪಾರ್ಟಿಯಲ್ಲಿ, ಇನ್ನೂ ಹದಿಮೂರು ವರ್ಷ ಬಿಟ್ಟು ಬರಬೇಕಾದ ಇಂಗ್ಲಿಷರ ಹಾಡು!

ಹದಿಮೂರು ವರ್ಷ ತಾನೇ, ಎಲ್ಲಾ ಹಳೇ ಹಾಡುಗಳೇ ಅನ್ಬೇಡಿ. ಆ ನಡುವೆ ಒಂದು ದೊಡ್ಡ ಘಟನೆ ನಡೆದಿದೆ, ಮೈಕ್ ಬಂದಿದೆ. 1921ರಲ್ಲಿ ರೆಕಾರ್ಡಿಂಗ್ ಅಂದ್ರೆ ದೊಡ್ಡ ಕೊಂಬಿನ ಮುಂದೆ ನಿಂತು ಗಟ್ಟಿಯಾಗಿ ಹಾಡಬೇಕಿತ್ತು. ದನಿಯ ಒತ್ತಡಕ್ಕೇ ಸೂಜಿ ಅಲುಗಾಡಿ ಮೇಣದ ಮೇಲೆ ಗೀರು ಬೀಳಬೇಕು, ಕರೆಂಟ್ ಇಲ್ಲ, ಆಂಪ್ಲಿಫೈಯರ್ ಇಲ್ಲ. ಗೌಹರ್ ಜಾನ್ 1902ರಲ್ಲಿ ಕಲ್ಕತ್ತಾದಲ್ಲಿ ಹಾಡಿದ್ದು ಹಾಗೇನೇ. ಆಕೆ ಕೊನೆಗಾಲದಲ್ಲಿ ನಮ್ಮ ಮೈಸೂರಿಗೆ ಬಂದು, 1930ರಲ್ಲಿ ಅಲ್ಲೇ ತೀರಿಹೋದರು. ಆಕೆಯ ರೆಕಾರ್ಡ್ ಕೊನೆಯಲ್ಲಿ ತನ್ನ ಹೆಸರನ್ನ ಕೂಗಿ ಹೇಳೋದು ಇವತ್ತಿಗೂ ಕೇಳಬಹುದು. ಆ ಕೂಗಿನಲ್ಲೇ ಆ ಕಾಲದ ತಂತ್ರಜ್ಞಾನ ಗೊತ್ತಾಗುತ್ತೆ.

1925ರಲ್ಲಿ ಎಲೆಕ್ಟ್ರಿಕ್ ರೆಕಾರ್ಡಿಂಗ್ ಬಂತು. ಅದಾದ ಮೇಲೆ ಹಾಡುಗಾರ ಕೂಗಬೇಕಾಗಿಲ್ಲ. ಮೈಕ್ ಹತ್ರ ಬಂದು, ಕಿವಿಯಲ್ಲಿ ಪಿಸುಗುಟ್ಟೋ ಹಾಗೆ ಹಾಡಿದ್ರೂ ಸಾಕು. ಈ ಶೈಲಿಗೆ ಕ್ರೂನಿಂಗ್ ಅಂತ ಹೆಸರಾಯ್ತು. ಹಿರಿಯರಿಗೆ ಇದು ಸರಿಬರಲಿಲ್ಲ. 1932ರಲ್ಲಿ ಬಾಸ್ಟನ್‌ನ ಕಾರ್ಡಿನಲ್ ಓಕಾನೆಲ್ ಬಹಿರಂಗವಾಗಿ ಕ್ರೂನರ್‌ಗಳನ್ನ ಖಂಡಿಸಿದರು. ಪರಗಂಡಸು ಮನೆಯೊಳಗೆ ಬಂದು ಕಿವಿಯಲ್ಲಿ ಪಿಸುಗುಟ್ಟೋದು ಅವರಿಗೆ ಹೇಗೆ ಅನ್ನಿಸಿರಬಹುದು, ಯೋಚಿಸಿ. ನಮಗೆ ಇಯರ್‌ಫೋನ್ ಅಭ್ಯಾಸ ಆಗಿಹೋಗಿದೆ, ಅವರಿಗೆ ಅದು ಹೊಸದು.

ಹಾಗಾಗಿ ಅಷ್ಟು ಮೆತ್ತಗೆ ಹಾಡೋ ದನಿಯ ರೆಕಾರ್ಡ್ 1921ರಲ್ಲಿ ಸಾಧ್ಯವೇ ಇರಲಿಲ್ಲ. ಪ್ರತಿಯೊಂದು ಶಾಟ್‌ಗೂ ತಲೆ ಕೆಡಿಸ್ಕೊಳ್ಳೋ ಕುಬ್ರಿಕ್ ಇದನ್ನ ಗೊತ್ತಿಲ್ಲದೆ ಮಾಡಿದ್ರು ಅಂತ ನಾನು ನಂಬಲ್ಲ. ನಿಜವಾದ 1921ರ ರೆಕಾರ್ಡ್ ಹಾಕಿದ್ರೆ ಅದು ಮ್ಯೂಸಿಯಂ ವಸ್ತು ತರ ಕೇಳ್ತಿತ್ತು: ಕರಕರ ಸದ್ದು, ತಗಡಿನ ಡಬ್ಬದೊಳಗಿನ ದನಿ. ನಾವು ನಕ್ಕುಬಿಡ್ತಿದ್ವೇನೋ. 1934ರ ದನಿ ಹಳೆಯದೂ ಹೌದು, ಪಕ್ಕದಲ್ಲೇ ಇರೋ ಹಾಗೂ ಹೌದು. ಭೂತ ಅಂದ್ರೆ ಅದೇ ತಾನೇ?

ಆ ದನಿ ಆಲ್ ಬೌಲಿಯದು. ಈ ಮನುಷ್ಯನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು, ಯಾಕಂದ್ರೆ ಆ ದೃಶ್ಯವನ್ನ ನಾನು ಮೊದಲಿನ ತರ ನೋಡೋಕೆ ಆಗದೇ ಇರೋದಕ್ಕೆ ಇವನೇ ಕಾರಣ.

ಹುಟ್ಟಿದ್ದು ಮೊಜಾಂಬಿಕ್‌ನಲ್ಲಿ, ಇವತ್ತಿನ ಮಪುಟೊ ನಗರದಲ್ಲಿ. ಅಪ್ಪ ಗ್ರೀಕ್, ಅಮ್ಮ ಲೆಬನಾನ್ ಮೂಲದವರು. ಬೆಳೆದಿದ್ದು ಜೋಹಾನ್ಸ್‌ಬರ್ಗ್‌ನಲ್ಲಿ, ಕೆಲಸ ಕ್ಷೌರಿಕನದು. ಬ್ಯಾಂಡ್ ಒಂದರ ಜೊತೆ ಊರು ಬಿಟ್ಟು ಆಫ್ರಿಕಾ, ಏಷ್ಯಾ ಸುತ್ತಿದ. ಬ್ಯಾಂಡ್ ಯಜಮಾನನ ಜೊತೆ ಜಗಳ ಆಡಿ ಇಂಡೋನೇಷ್ಯಾದ ಸುರಬಾಯದಲ್ಲಿ ಕೆಲಸ ಕಳ್ಕೊಂಡ. ಆಮೇಲೆ ನಮ್ಮ ದೇಶದಲ್ಲೇ, ಕಲ್ಕತ್ತಾದ ಗ್ರ್ಯಾಂಡ್ ಹೋಟೆಲ್‌ನ ಜಿಮ್ಮಿ ಲೆಕ್ವೀಮ್ ಬ್ಯಾಂಡ್‌ನಲ್ಲಿ ಇದ್ದ. ಚೌರಂಗಿಯಲ್ಲಿ ಆ ಹೋಟೆಲ್ ಇವತ್ತಿಗೂ ಇದೆ. ದೊಡ್ಡ ಹೋಟೆಲ್, ರಾತ್ರಿ ಡಾನ್ಸ್, ಮೂಲೆಯಲ್ಲಿ ಬ್ಯಾಂಡ್: ಓವರ್‌ಲುಕ್‌ನ ಗೋಲ್ಡ್ ರೂಮ್ ತರದ ಜಾಗಗಳಲ್ಲೇ ಅವನ ಯೌವನ ಕಳೆದಿದ್ದು. ಅಲ್ಲಿಂದ ಬರ್ಲಿನ್, ಆಮೇಲೆ 1928ರಲ್ಲಿ ಲಂಡನ್. ಆರ್ಥಿಕ ಕುಸಿತದ ಹೊತ್ತಿಗೆ ಕೆಲಸ ಇಲ್ಲದೆ ಬೀದಿಯಲ್ಲಿ ಹಾಡಿ ಹೊಟ್ಟೆ ಹೊರೆದದ್ದೂ ಉಂಟು.

1930ರ ಕೊನೆಗೆ ರೇ ನೋಬಲ್ ಜೊತೆ ಸೇರಿದ ಮೇಲೆ ಅದೃಷ್ಟ ತಿರುಗಿತು. ಮುಂದಿನ ನಾಲ್ಕು ವರ್ಷದಲ್ಲಿ 500ಕ್ಕೂ ಹೆಚ್ಚು ಹಾಡು ರೆಕಾರ್ಡ್ ಮಾಡಿದ. ಆ ಕಾಲದ ಬ್ರಿಟಿಷ್ ಡಾನ್ಸ್ ರೆಕಾರ್ಡ್‌ಗಳ ಲೇಬಲ್ ಮೇಲೆ ಎಷ್ಟೋ ಸಲ ಹಾಡಿದವನ ಹೆಸರೇ ಇರ್ತಿರಲಿಲ್ಲ, ಬ್ಯಾಂಡ್ ಯಜಮಾನನ ಹೆಸರು ಮಾತ್ರ. ಆದ್ರೂ ಜನ ದನಿ ಗುರುತು ಹಿಡಿದರು. 1934ರಲ್ಲಿ ನ್ಯೂಯಾರ್ಕ್‌ಗೆ ಹೋದ. ವಾಪಸ್ ಬರೋ ಹೊತ್ತಿಗೆ ಇಂಗ್ಲೆಂಡ್‌ನಲ್ಲಿ ಬೇರೆ ಹಾಡುಗಾರರು ಬಂದಿದ್ರು. ಗಂಟಲು ಕೆಟ್ಟು ಆಪರೇಷನ್ ಆಯ್ತು. ಮೊದಲಿನ ಬೇಡಿಕೆ ಮತ್ತೆ ಬರಲಿಲ್ಲ.

1941ರ ಏಪ್ರಿಲ್. ಲಂಡನ್ ಮೇಲೆ ಜರ್ಮನ್ ವಿಮಾನಗಳು ಬಾಂಬ್ ಸುರೀತಾ ಇವೆ. ಹೈ ವಿಕಂಬ್ ಊರಿನ ರೆಕ್ಸ್ ಸಿನಿಮಾದಲ್ಲಿ ಕಾರ್ಯಕ್ರಮ ಮುಗಿಸಿದ ಬೌಲಿ ಅಲ್ಲೇ ಉಳಿಯದೆ ಕೊನೇ ರೈಲು ಹಿಡಿದು ಡ್ಯೂಕ್ ಸ್ಟ್ರೀಟ್‌ನ ತನ್ನ ಫ್ಲ್ಯಾಟ್‌ಗೆ ಬಂದು ಮಲಗಿದ. 17ನೇ ತಾರೀಖು ಬೆಳಗಿನ ಜಾವ ಮೂರು ಗಂಟೆ ದಾಟಿದಾಗ ಕಟ್ಟಡದ ಹೊರಗೆ ಪ್ಯಾರಾಶೂಟ್ ಮೈನ್ ಸಿಡೀತು. ಹಡಗು ಮುಳುಗಿಸೋಕೆ ಅಂತ ಮಾಡಿದ ಭಾರಿ ಬಾಂಬ್ ಅದು. ಪ್ಯಾರಾಶೂಟ್‌ನಲ್ಲಿ ತೇಲಿಕೊಂಡು ಇಳಿಯುತ್ತೆ, ಮಣ್ಣಿನೊಳಗೆ ಹೂತುಹೋಗದೆ ಮೇಲೇ ಸಿಡಿಯುತ್ತೆ. ಹೊಡೆತಕ್ಕೆ ಮಲಗೋ ಕೋಣೆಯ ಬಾಗಿಲು ಕಿತ್ತುಬಂದು ಅವನ ತಲೆಗೆ ಬಡೀತು. ಮೈಮೇಲೆ ಗಾಯದ ಗುರುತೇ ಇರಲಿಲ್ಲವಂತೆ. ಆ ದಾಳಿಯಲ್ಲಿ ಸತ್ತ ಬೇರೆಯವರ ಜೊತೆ ಒಂದೇ ಗುಂಡಿಯಲ್ಲಿ ಹೂಳಿದರು. ವಯಸ್ಸು ನಲವತ್ತರ ಆಸುಪಾಸು.

ಅಲ್ಲಿಂದ 39 ವರ್ಷ ಆದಮೇಲೆ ಆ ದನಿ ಓವರ್‌ಲುಕ್‌ನ ಖಾಲಿ ಕೋಣೆಯಲ್ಲಿ ಕೇಳಿಸುತ್ತೆ. ಭೂತದ ಪಾತ್ರಕ್ಕೆ ಕುಬ್ರಿಕ್ ನಟರನ್ನ ಹಾಕಿದ್ರು, ಮೇಕಪ್ ಮಾಡಿಸಿದ್ರು. ಆದ್ರೆ ಆ ಸಿನಿಮಾದಲ್ಲಿ ವೇಷ ಇಲ್ಲದೆ ಬಂದ ಸತ್ತವನು ಅಂದ್ರೆ ಬೌಲಿನೇ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಬಿಡುಗಡೆ ಆದಾಗ ಸಿನಿಮಾ ಹೀಗೆ ಮುಗೀತಿರಲಿಲ್ಲ. ಜ್ಯಾಕ್ ಸತ್ತ ಮೇಲೆ, ಫೋಟೋಗಿಂತ ಮುಂಚೆ, ಆಸ್ಪತ್ರೆಯ ಒಂದು ದೃಶ್ಯ ಇತ್ತು. ಹೋಟೆಲ್ ಮ್ಯಾನೇಜರ್ ಬಂದು ಹೆಂಡತಿ ವೆಂಡಿಯನ್ನ ಮಾತಾಡಿಸ್ತಾನೆ, ಸಮಾಧಾನ ಹೇಳ್ತಾನೆ. ಸುಮಾರು ಎರಡು ನಿಮಿಷ. ಬಿಡುಗಡೆಯಾಗಿ ವಾರದೊಳಗೆ ಕುಬ್ರಿಕ್ ಅದನ್ನ ತೆಗೆಸಿದ್ರು. ಈಗಿನ ತರ ಸರ್ವರ್‌ನಲ್ಲಿ ಫೈಲ್ ಬದಲಾಯಿಸೋ ಕಾಲ ಅಲ್ಲ, ಥಿಯೇಟರ್‌ಗಳಲ್ಲಿ ರೀಲ್ ಕತ್ತರಿಸಿ ಆ ತುಂಡನ್ನ ವಾಪಸ್ ಕಳಿಸಬೇಕಾಯ್ತು. ಆ ಎರಡು ನಿಮಿಷ ಹೋಗಿದ್ರಿಂದ ಏನಾಯ್ತು? ಸಮಾಧಾನ ಹೇಳೋ ಮನುಷ್ಯ ಇಲ್ಲವಾದ. ಹೆಪ್ಪುಗಟ್ಟಿದ ಮುಖದಿಂದ ನೇರ ಖಾಲಿ ಹೋಟೆಲ್‌ಗೆ, ಹಾಡಿಗೆ. ಸ್ಟೀಫನ್ ಕಿಂಗ್ ಬರೆದ ಮೂಲ ಕಾದಂಬರಿಯಲ್ಲಿ ಬಾಯ್ಲರ್ ಸಿಡಿದು ಹೋಟೆಲ್ಲೇ ಸುಟ್ಟುಹೋಗುತ್ತೆ, ಓದುಗ ಉಸಿರು ಬಿಡ್ತಾನೆ. ಸಿನಿಮಾದಲ್ಲಿ ಹೋಟೆಲ್ ಹಾಗೇ ಇದೆ, ಪಾರ್ಟಿ ನಡೀತಾ ಇದೆ. ಕಿಂಗ್‌ಗೆ ಈ ಸಿನಿಮಾ ಇಷ್ಟ ಆಗಲಿಲ್ಲ, ಅದು ಇನ್ನೊಂದು ಸಂಚಿಕೆಗೆ ಆಗುವಷ್ಟು ದೊಡ್ಡ ಜಗಳ.

ಫೋಟೋ ಬಗ್ಗೆನೂ ಒಂದು ಮಾತು. ಅದು ನಿಜವಾದ ಹಳೇ ಫೋಟೋ, ಒಬ್ಬನ ಮುಖದ ಜಾಗಕ್ಕೆ ಜ್ಯಾಕ್ ನಿಕಲ್ಸನ್ ಮುಖ ಕೂರಿಸಿದ್ರು. ಮೂಲ ಎಲ್ಲಿಯದು ಅನ್ನೋದು 2025ರಲ್ಲಿ ಪತ್ತೆಯಾಯ್ತು: ಲಂಡನ್‌ನ ರಾಯಲ್ ಪ್ಯಾಲೇಸ್ ಹೋಟೆಲ್, 1921ರ ಫೆಬ್ರವರಿ 14, ಪ್ರೇಮಿಗಳ ದಿನದ ಡಾನ್ಸ್. ಮುಖ ಕಳ್ಕೊಂಡವನು ಸ್ಯಾಂಟೋಸ್ ಕಸಾನಿ ಅನ್ನೋ ಡಾನ್ಸ್ ಮಾಸ್ಟರ್. ಓಡೋ ಟ್ಯಾಕ್ಸಿಯ ಮೇಲೆ ಹತ್ತಿ ಚಾರ್ಲ್‌ಸ್ಟನ್ ಕುಣಿದು ತೋರಿಸಿದ್ದ ಆಸಾಮಿ! ಹಾಡೂ ಲಂಡನ್, ಫೋಟೋನೂ ಲಂಡನ್, ಸಿನಿಮಾದ ಒಳಾಂಗಣ ಕೂಡ ಇಂಗ್ಲೆಂಡ್‌ನ ಎಲ್ಸ್‌ಟ್ರೀ ಸ್ಟುಡಿಯೋದಲ್ಲಿ ಕಟ್ಟಿದ ಸೆಟ್. ಓವರ್‌ಲುಕ್‌ನಲ್ಲಿ ಕಾಡೋರೆಲ್ಲ ಲಂಡನ್ನಿನವರೇ.

ಬೌಲಿಯನ್ನ ನೀವು ಆಗಲೇ ಕೇಳಿರೋ ಸಾಧ್ಯತೆ ಇದೆ. ‘ಎವೆರಿವೇರ್ ಅಟ್ ದಿ ಎಂಡ್ ಆಫ್ ಟೈಮ್’ ನೆನಪಿದೆಯಾ? ಆರೂವರೆ ಗಂಟೆ ಇರೋದು. ಮರೆವಿನ ಕಾಯಿಲೆಯಲ್ಲಿ ನೆನಪು ಕರಗ್ತಾ ಹೋಗೋದನ್ನ ಹಳೇ ಹಾಡುಗಳು ಸವೆದು ಚೂರಾಗೋ ತರ ಕೇಳಿಸೋದು. 2020ರಲ್ಲಿ ಪೂರ್ತಿ ಕೇಳೋ ಚಾಲೆಂಜ್ ಟಿಕ್‌ಟಾಕ್‌ನಲ್ಲಿ ಹಬ್ಬಿತ್ತು. ನಮ್ಮಲ್ಲಿ ಅಷ್ಟೊತ್ತಿಗೆ ಟಿಕ್‌ಟಾಕ್ ಬ್ಯಾನ್ ಆಗಿತ್ತು, ನಾನು ಯೂಟ್ಯೂಬ್‌ನಲ್ಲೇ ಕೇಳಿದ್ದು. ಅದರ ಮೊದಲ ತುಣುಕು ಬೌಲಿ ಹಾಡಿದ ‘ಹಾರ್ಟೇಕ್ಸ್’ ರೆಕಾರ್ಡ್‌ನಿಂದ ಮಾಡಿದ್ದು. ಮಾಡಿದವರು ಲೇಲಂಡ್ ಕರ್ಬಿ, ಇಟ್ಕೊಂಡ ಹೆಸರು ‘ದಿ ಕೇರ್‌ಟೇಕರ್’. ಓವರ್‌ಲುಕ್‌ನಲ್ಲಿ ಜ್ಯಾಕ್‌ನ ಕೆಲಸ ಏನಿತ್ತು? ಅದೇ. 1999ರ ಅವರ ಮೊದಲ ಆಲ್ಬಮ್ ಹುಟ್ಟಿದ್ದೇ ಈ ಸಿನಿಮಾದ ಡಾನ್ಸ್ ದೃಶ್ಯದಿಂದ.

ಒಂದು ಸಣ್ಣ ಬೇಜಾರು ಇದೆ ನನಗೆ. ಬೌಲಿ ಹಾಡಿದ್ದು ಯಾರನ್ನೂ ಹೆದರಿಸೋಕೆ ಅಲ್ಲ. ಈಗ ಆ ದನಿ ಬಂದ್ರೆ ನಮ್ಮ ತಲೆಮಾರಿಗೆ ಹಿಮ, ಕೊಡಲಿ, ಮರೆವಿನ ಕಾಯಿಲೆನೇ ನೆನಪಾಗೋದು. ಅದೇನೋ ಅನ್ಯಾಯ ಅನ್ಸುತ್ತೆ. ಆದ್ರೆ ಈ ಸಿನಿಮಾ ಇಲ್ಲದಿದ್ರೆ ಬೆಂಗಳೂರಿನ ಪಿಜಿಯಲ್ಲಿ ರಾತ್ರಿ ಎರಡು ಗಂಟೆಗೆ ಕೂತು ಅವನ ಹೆಸರು ಹುಡುಕೋನು ಯಾರಿದ್ದ? ನನ್ನ ಫೋನ್‌ನಲ್ಲಿ ನಮ್ಮಜ್ಜಿ ಕಳಿಸಿದ ಒಂದು ವಾಯ್ಸ್ ಮೆಸೇಜ್ ಇದೆ. ಊಟ ಆಯ್ತಾ, ಹಬ್ಬಕ್ಕೆ ಯಾವತ್ತು ಬರ್ತೀಯಾ ಅಂತ ಕೇಳ್ತಾರೆ, ಅಷ್ಟೇ. ಅಜ್ಜಿ ಹೋಗಿ ಮೂರು ವರ್ಷ ಆಯ್ತು. ಒತ್ತಿದಾಗೆಲ್ಲ ಅದೇ ಪ್ರಶ್ನೆ, ಅದೇ ದನಿ. ಅದನ್ನ ಡಿಲೀಟ್ ಮಾಡೋಕೂ ಆಗಲ್ಲ, ಪದೇ ಪದೇ ಕೇಳೋಕೂ ಆಗಲ್ಲ. ಬೌಲಿ ಬಗ್ಗೆ ಓದಿ ಮುಗಿಸಿದ ರಾತ್ರಿ ಅದನ್ನ ಕೇಳಿದೆ.

ಕೊನೇದಾಗಿ ಒಂದು ಕೆಲಸ ಹೇಳ್ತೀನಿ. ಫೋಟೋ ಆದಮೇಲೆ ಹೆಸರುಗಳು ಬರೋವಾಗಲೂ ಹಾಡು ನಡೀತಾ ಇರುತ್ತೆ. ಈಗಿನ ಆ್ಯಪ್‌ಗಳು ಅಷ್ಟರಲ್ಲಿ ಪರದೆಯನ್ನ ಚಿಕ್ಕದು ಮಾಡಿ ಮುಂದಿನ ಸಿನಿಮಾ ತೋರಿಸೋಕೆ ಶುರುಮಾಡ್ತವೆ. ಬಿಡಬೇಡಿ, ಆ ಚಿಕ್ಕ ಚೌಕವನ್ನ ಒತ್ತಿ ಮತ್ತೆ ದೊಡ್ಡದು ಮಾಡಿ. ಹಾಡು ಮುಗಿಯುತ್ತೆ. ಆಮೇಲೆ ಚಪ್ಪಾಳೆ ಕೇಳಿಸುತ್ತೆ, ಜನ ಗುಜುಗುಜು ಮಾತಾಡ್ತಾರೆ, ಸಭಾಂಗಣದ ತುಂಬ ಜನ. ನಿಮ್ಮ ಪರದೆ ಆಗ ಪೂರ್ತಿ ಕಪ್ಪು.