ಓಂಕಾಲೊ
ಓಂಕಾಲೊ ಫಿನ್‌ಲ್ಯಾಂಡ್‌ನ ಎವುರಯೊಕಿ ಪುರಸಭೆಯ ಓಲ್ಕಿಲುವೊಟೊ ದ್ವೀಪದಲ್ಲಿ, 400 ಮೀಟರ್‌ಗೂ ಹೆಚ್ಚು ಆಳದ ಶಿಲೆಯಲ್ಲಿ ನಿರ್ಮಿಸಲಾಗಿರುವ ಪರಮಾಣು ತ್ಯಾಜ್ಯದ ಶಾಶ್ವತ ವಿಲೇವಾರಿ ತಾಣ. ಬಳಸಿದ ಪರಮಾಣು ಇಂಧನವನ್ನು ಇಲ್ಲಿ ಹೂಳಲು ಯೋಜಿಸಲಾಗಿದೆ.

ಸಮ್ಮತಿಯ ಹಾದಿ

1987ರ ಪರಮಾಣು ಶಕ್ತಿ ಕಾಯಿದೆಯ ಪ್ರಕಾರ, ಸ್ಥಳೀಯ ಪುರಸಭೆ ಒಪ್ಪದಿದ್ದರೆ ಸರ್ಕಾರ ಇಂತಹ ಯೋಜನೆಗೆ ಅನುಮೋದನೆ ನೀಡುವಂತಿಲ್ಲ. ದೇಶದಲ್ಲಿ ಉತ್ಪತ್ತಿಯಾದ ತ್ಯಾಜ್ಯವನ್ನು ದೇಶದಲ್ಲಿಯೇ ವಿಲೇವಾರಿ ಮಾಡಬೇಕೆಂದು 1994ರ ತಿದ್ದುಪಡಿ ವಿಧಿಸಿತು. ನಾಲ್ಕು ಸ್ಥಳಗಳ ವಿಸ್ತೃತ ಅಧ್ಯಯನದ ಬಳಿಕ ಪೊಸಿವಾ ಸಂಸ್ಥೆಯು 1999ರಲ್ಲಿ ಓಲ್ಕಿಲುವೊಟೊವನ್ನು ಆಯ್ದುಕೊಂಡಿತು. ಅಲ್ಲಿ 1970ರ ದಶಕದಿಂದಲೇ ಪರಮಾಣು ವಿದ್ಯುತ್ ಸ್ಥಾವರವಿದ್ದುದರಿಂದ ನಿವಾಸಿಗಳಿಗೆ ಈ ಉದ್ಯಮ ಹೊಸದಾಗಿರಲಿಲ್ಲ. ತಿರಸ್ಕರಿಸುವ ಅಧಿಕಾರವಿದ್ದೂ ಪುರಸಭೆ 2000ದಲ್ಲಿ 20–7 ಮತಗಳಿಂದ ಸಮ್ಮತಿಸಿತು. 2001ರಲ್ಲಿ ಸಂಸತ್ತು 159–3 ಮತಗಳಿಂದ ಸರ್ಕಾರದ ನಿರ್ಧಾರವನ್ನು ಅನುಮೋದಿಸಿತು.